ಶಾಕ್ ಸ್ಟೆಪ್ಪು

ಎಡೆ ಇಟ್ಟು ಎಷ್ಟೊತ್ತಾಯ್ತೋ, ಒಂದು ಕಾಗೆನೂ ಹತ್ರ ಸುಳೀಲಿಲ್ಲ.

ಪೆರೇಸಂದ್ರದ ಆ ಮನೆ ಮಾಳಿಗೆ ಮೇಲೆ ಬಾಳೆಎಲೇಲಿ ಮೋಹನ್‌ಬಾಬುಗೆ ಇಷ್ಟ ಆಗಿದ್ದೆಲ್ಲ ಇತ್ತು. ಮುದ್ದೆ, ಅವರೆಕಾಳ್ ಸಾರು, ವಡೆ, ಒಂದು ಪ್ಯಾಕ್ ಸಿಗರೇಟು ಕೂಡ. ಅವತ್ತು ಅವನು ಸತ್ತ ಹನ್ನೊಂದನೇ ದಿನದ ಕಾರ್ಯ. ಕಾಗೆ ಮುಟ್ಟೋ ತನಕ ಯಾರೂ ಊಟಕ್ಕೆ ಕೂರಂಗಿಲ್ಲ. ನೆಂಟರೆಲ್ಲ ಕತ್ತೆತ್ತಿ ಕತ್ತೆತ್ತಿ ಸುಸ್ತಾಗಿದ್ರು.

"ರಾರಾ ನಾಯ್ನಾ," ಅಂತ ಅಜ್ಜಿ ನಾರಾಯಣಮ್ಮ ಸತ್ತ ಮಗನ್ನ ತೆಲುಗಲ್ಲೇ ಕರೀತಿದ್ಲು. "ಒಂದ್ ತುತ್ತು ಮುಟ್ಟೋಗಪ್ಪ."

"ಏನೋ ಆಸೆ ಉಳಿಸ್ಕೊಂಡವ್ನೆ ಕಣೇ," ಅಂದ್ಲು ಪಕ್ಕದ್ಮನೆ ಗಂಗುಲಮ್ಮ. "ಮಾಡ್ತೀವಿ ಅಂತ ಮಾತು ಕೊಡಿ, ಬರ್ತಾನೆ."

ಹೆಂಡ್ತಿ ಶ್ಯಾಮಲಮ್ಮ ಕೈ ಮುಗಿದು, "ಹರಿತಾನ ಓದು ನಿಲ್ಸಲ್ಲ ಕಣ್ರೀ," ಅಂದ್ಲು. ಕಾಗೆ ಬರ್ಲಿಲ್ಲ. ಸತ್ತವನ ಅಣ್ಣ ಆವಲಪ್ಪ ಗಂಟಲು ಸರಿ ಮಾಡ್ಕೊಂಡು, "ಹೊಲದ ಬದು ವಿಷ್ಯಕ್ಕೆ ಇನ್ ಜಗಳ ಆಡಲ್ಲಪ್ಪ," ಅಂದ. ಕರೆಂಟ್ ವೈರ್ ಮೇಲೆ ಕೂತಿದ್ದ ಒಂದೇ ಒಂದು ಕಾಗೆನೂ ಎದ್ದು ಹಾರೋಯ್ತು.

"ನಿನ್ನ ಮಾತು ನಂಬ್ಲಿಲ್ಲ ನೋಡು," ಅಂದ ಮೋಹನ್‌ಬಾಬು ಹಳೇ ದೋಸ್ತು ಗಂಗಾಧರ್. ಸಾವಿನ ಮನೇಲೂ ನಾಕು ಜನ ನಕ್ರು.

ಹರಿತಾ ನಗ್ಲಿಲ್ಲ. ಅಪ್ಪನ ಆಸೆ ಏನು ಅಂತ ಅವಳಿಗೆ ಗೊತ್ತಿತ್ತು. ಅದು ಅವಳ ಕಾಲೇಜ್ ಬ್ಯಾಗಲ್ಲೇ ಇತ್ತು.

ಒಂದು ಇಂಗ್ಲಿಷ್ ಪಿಚ್ಚರ್ ಸಿಡಿ. ಅದರ ಹೆಸರು ಹೇಳಕ್ಕೆ ಅಪ್ಪನಿಗೆ ಯಾವತ್ತೂ ನಾಲಿಗೆ ತಿರುಗ್ಲಿಲ್ಲ, 'ಬ್ರೇಕ್ ಡ್ಯಾನ್ಸ್ ಪಿಚ್ಚರ್' ಅಂತಿದ್ದ ಅಷ್ಟೆ. ಎಂಬತ್ತರ ದಶಕದಲ್ಲಿ, ಇವಳು ಹುಟ್ಟೋಕ್ ಮುಂಚೆ, ಅವನೂ ಗಂಗಾಧರನೂ ಚಿಂತಾಮಣಿಯ ಒಂದು ವಿಡಿಯೋ ಪಾರ್ಲರಲ್ಲಿ ನೋಡಿದ್ದು. ಫುಟ್‌ಪಾತ್ ಮೇಲೆ ರಟ್ಟು ಹಾಸಿ, ಟೇಪ್ ರೆಕಾರ್ಡರ್ ಇಟ್ಟು ಹುಡುಗ್ರು ಬುಗುರಿ ಥರ ತಿರುಗ್ತಾರಲ್ಲ, ಅದು. ಪಾರ್ಲರ್ ಮುಚ್ಚಿದಾಗ ಆ ವಿಡಿಯೋ ಕ್ಯಾಸೆಟ್ಟನ್ನ ಕಾಡಿ ಬೇಡಿ ಮನೆಗೆ ತಂದ್ರಂತೆ. ಆಮೇಲೆ ಗಣೇಶನ ಹಬ್ಬದ ಆರ್ಕೆಸ್ಟ್ರಾ ಅಂದ್ರೆ ಶಿಡ್ಲಘಟ್ಟ, ಗೌರಿಬಿದನೂರು, ಎಲ್ಲಾ ಕಡೆ ಇವರದೇ ಡ್ಯಾನ್ಸು. ಅದರಲ್ಲೂ ಅಪ್ಪನ ಶಾಕ್ ಸ್ಟೆಪ್ಪು. ಎಡಭುಜ ಎದ್ದು, ಗಕ್ಕಂತ ನಿಂತು, ಹಿಂದಕ್ಕೆ ಬಂದು, ಮತ್ತೆ ಏಳ್ತಿತ್ತು. ಹಿಂಗೆ ಮೂರ್ನಾಲ್ಕು ಸಲ. ಕರೆಂಟ್ ಹಿಡಿದೋರ ಥರ.

ಲಗೇಜ್ ಆಟೋ ಓಡಿಸೋಕೆ ಶುರು ಮಾಡಿದ್ಮೇಲೂ ಬಿಟ್ಟಿರ್ಲಿಲ್ಲ. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ತರಕಾರಿ ಇಳಿಸಿ ಬಂದು, ಅಡುಗೆಮನೆ ಬಾಗಿಲಲ್ಲಿ ನಿಂತು ಭುಜ ಕುಣಿಸ್ತಿದ್ದ. "ಥೂ, ಕಾಯಿಲೆ ಬಂದೋರಂಗೆ," ಅಂತ ಅಮ್ಮ ಸೌಟು ತೋರಿಸ್ತಿದ್ಲು. ಇನ್ನೂ ಜಾಸ್ತಿ ಕುಣಿಸ್ತಿದ್ದ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಷ್ಟೋ ವರ್ಷ ಆಗಿತ್ತು. "ಒಂದ್ಸಲ ಆ ಪಿಚ್ಚರ್ ನೋಡ್ಬೇಕು ಕಣಮ್ಮ," ಅಂತಿದ್ದ. ಹರಿತಾ ಫ್ರೆಂಡ್ ಜ್ಯೋತಿಲಕ್ಷ್ಮಿ ಕೈಲಿ ಬೆಂಗಳೂರಿಂದ ಸಿಡಿ ತರಿಸಿದ್ಲು. ಅದು ಬರೋಷ್ಟ್ರಲ್ಲಿ ಅಪ್ಪ ಹೋಗ್ಬಿಟ್ಟಿದ್ದ. ಸ್ಟೇರಿಂಗ್ ಮೇಲೇ ಎದೆನೋವು.

ಅಪ್ಪ ಕುಣಿಯೋದನ್ನ ಯಾರೂ ಶೂಟ್ ಮಾಡಿಟ್ಟಿರ್ಲಿಲ್ಲ. ಮನೇಲಿರೋ ಫೋಟೋಲೂ ಅವನು ಪೊಲೀಸ್ ಸ್ಟೇಷನ್ನಲ್ಲಿ ನಿಲ್ಸಿರೋ ಥರ ನೆಟ್ಟಗೆ ನಿಂತವ್ನೆ. ಆದ್ರೆ ಆ ಸ್ಟೆಪ್ಪು ಪಿಚ್ಚರಲ್ಲಿ ಇದ್ದೇ ಇರುತ್ತಲ್ಲ. ಯಾರದೋ ಮೈಯಲ್ಲಾದ್ರೂ ಸರಿ, ಅಪ್ಪನ ಭುಜ ಇನ್ನೊಂದ್ಸಲ ನೋಡ್ಬೇಕು. ಅವಳಿಗೆ ಬೇಕಾಗಿದ್ದು ಅಷ್ಟೆ.

"ಟಿವಿ ಹಾಕ್ತೀನಿ," ಅಂದ್ಲು.

"ಕಾರ್ಯದ ಮನೇಲಿ ಟಿವಿನಾ? ಜನ ಏನಂತಾರೆ?" ಅಂದ್ಲು ಅಮ್ಮ.

"ಹಾಕ್ಲಿ ಬಿಡಕ್ಕ," ಅಂದ ಗಂಗಾಧರ್. "ಸಿಗರೇಟ್ ಇಟ್ಟಿದೀವಿ, ಇದಿಡಬಾರ್ದಾ?"

ಕಿಟಕಿ ತೆಗೆದು ಸೌಂಡ್ ಜಾಸ್ತಿ ಮಾಡಿದ್ರು. ಆ ಹಳೇ ಮ್ಯೂಸಿಕ್ ಬಂದಿದ್ದೇ ತಡ, ಬಸ್ ಕಂಡಕ್ಟರ್ ಗಂಗಾಧರನ ಕಾಲು ಕೂತಲ್ಲೇ ತಾಳ ಹಾಕ್ತು. "ಈಗ ಟೋಪಿಯವನು ಬರ್ತಾನೆ ನೋಡು," ಅಂದ. ಬಂದ. "ಈಗ ತಲೆ ಮೇಲೆ ತಿರುಗ್ತಾನೆ." ತಿರುಗ್ದ. ಹೊಟ್ಟೆ ಹಸ್ಕೊಂಡಿದ್ದ ನೆಂಟರೂ ಬಾಗಿಲಿಗೆ ಬಂದು ನಿಂತ್ರು.

"ಈಗ ಶಾಕು."

ಟೋಪಿಯವನ ಎಡಭುಜ ಎದ್ದಿತು. ನೀಟಾಗಿ ಇಳೀತು. ಅವನು ಮುಂದಕ್ಕೆ ಹೋಗ್ಬಿಟ್ಟ.

ಹರಿತಾ ಹಿಂದಕ್ಕೆ ಓಡಿಸಿದ್ಲು. ಎದ್ದಿತು, ಇಳೀತು. ಗಕ್ಕಂತ ನಿಲ್ಲೋದೂ ಇಲ್ಲ, ಹಿಂದಕ್ಕೆ ಬರೋದೂ ಇಲ್ಲ.

"ಬೇರೆ ಪಿಚ್ಚರ್ ಕೊಟ್ಟವ್ರಾ ಮಾವ?"

ಗಂಗಾಧರ್ ಪರದೆ ಹತ್ರ ಹೋಗಿ ಕೂತ. ಅದೇ ಜಾಗ ಇನ್ನೊಂದ್ಸಲ ಹಾಕಿಸಿ ನೋಡ್ದ.

"ಅದೇ ಪಿಚ್ಚರ್ ಕಣಮ್ಮ. ನಮ್ಮ ಕ್ಯಾಸೆಟ್ಟು ಅಲ್ಲಿ ಸಿಕ್ಕಾಕೊಳ್ತಿತ್ತು. ನಿಮ್ಮಪ್ಪ ಆ ಜಾಗನ ಹಿಂದೆ ಓಡಿಸಿ ಓಡಿಸಿ ನೋಡಿ, ಟೇಪ್ ಸವೆಸಿಬಿಟ್ಟಿದ್ದ. ಚಿತ್ರ ಎಳೆದಾಡ್ತಿತ್ತು. ನಾವು ಅದೂ ಸ್ಟೆಪ್ಪೇ ಅನ್ಕೊಂಡ್ವಿ, ಅವನು ಕಲಿತೇಬಿಟ್ಟ." ಅವನು ನಕ್ಕ. ನಗು ಅರ್ಧಕ್ಕೇ ನಿಂತು ಕಣ್ಣು ಒರೆಸ್ಕೊಂಡ. "ಆ ಸ್ಟೆಪ್ಪು ಬೇರೆ ಯಾವನದೂ ಅಲ್ಲ. ಅವನದೇ."

"ನೀವ್ ಮಾಡಿ ತೋರ್ಸಿ ಮಾವ."

ಎದ್ದ. ಭುಜ ಎತ್ತಿದ, ನಿಲ್ಲಿಸ್ದ. ಹಿಂದಕ್ಕೆ ಎಳೆಯೋವಾಗ ಇಡೀ ಮೈ ವಾಲ್ತು. ಇನ್ನೊಂದ್ಸಲ ಮಾಡಿ ನೋಡ್ದ, ಆಗ್ಲಿಲ್ಲ. "ನಂಗೆ ಆಗ್ಲೂ ಬರ್ತಿರ್ಲಿಲ್ಲಮ್ಮ," ಅಂದ. "ಅವನು ಅದನ್ನ ಮಾಡೋವಾಗ ನಾನು ಪಕ್ಕದಲ್ಲಿ ಚಪ್ಪಾಳೆ ಹೊಡೀತಿದ್ದೆ."

ಹೊರಗಡೆ ಆವಲಪ್ಪ, "ಇನ್ನು ಕಾಯೋದು ಬೇಡ, ಹಸುಗೆ ಕೊಟ್ಬಿಡಿ. ಮಕ್ಳು ಹಸ್ಕೊಂಡವೆ," ಅಂದ. ಒಬ್ಬೊಬ್ರೇ ಎದ್ದೋದ್ರು. ಅಮ್ಮ ಮಾಳಿಗೆಯಿಂದ ಎಡೆ ಎಲೆ ಇಳಿಸ್ಕೊಂಡು ಬಂದ್ಲು. ಮುದ್ದೆ ಹಂಗೇ ಇತ್ತು, ಮೇಲೆ ಒಣಗಿತ್ತು.

ಹರಿತಾ ಒಬ್ಳೇ ರಿಮೋಟ್ ಹಿಡ್ಕೊಂಡು ಕೂತಿದ್ಲು. ಟೋಪಿಯವನ ಭುಜ ಎದ್ದಿತು. ಗುಂಡಿ ಒತ್ತಿದ್ಲು, ಭುಜ ಗಕ್ಕಂತ ನಿಲ್ತು. ಹಿಂದಕ್ಕೆ ಒತ್ತಿದ್ಲು, ಬಿಟ್ಲು. ಮತ್ತೆ ಒತ್ತಿದ್ಲು. ಮೊದಮೊದ್ಲು ಬರೀ ಚೌಕ ಚೌಕವಾಗಿ ಚಿತ್ರ ಒಡೀತು. ಆಮೇಲೆ ಕೈಗೆ ಲೆಕ್ಕ ಸಿಕ್ತು. ಎದ್ದು, ನಿಂತು, ಹಿಂದಕ್ಕೆ ಬಂದು, ಮತ್ತೆ ಎದ್ದು.

ಹಿತ್ತಲಿಗೆ ಹೋಗ್ತಿದ್ದ ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತ್ಲು. ಯಾವಾಗ್ಲೂ ಅಪ್ಪ ನಿಲ್ತಿದ್ದ ಜಾಗ ಅದು. ಕೈಲಿದ್ದ ಎಲೆ ವಾಲಿ, ಅದರಿಂದ ಸಾರು ನೆಲಕ್ಕೆ ತೊಟ್ಟಿಕ್ತಿತ್ತು. ಬಯ್ತಾಳೆ ಅಂತ ಹರಿತಾ ರಿಮೋಟ್ ಕೆಳಗಿಟ್ಲು.

"ಇನ್ನೊಂದ್ಸಲ ಒತ್ತಮ್ಮ," ಅಂದ್ಲು ಅಮ್ಮ.