ನಕ್ಕಾಗ ಕಾಣುವಷ್ಟು

ಜೊತೆಗಾರರನ್ನು ಹುಡುಕಿಕೊಡುವ ಆಪ್ ಆರಿಸಿಕೊಟ್ಟವಳು ತಂಗಿ. ಅಕ್ಕ ಗಂಡನಿಂದ ಬೇರೆಯಾಗಿ ವರ್ಷಗಳಾಗಿದ್ದವು. ವಯಸ್ಸು ನಲವತ್ತು ದಾಟಿತ್ತು. ಹಗಲೆಲ್ಲ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಹಲ್ಲು ಕಟ್ಟುವುದು, ಸಂಜೆ ಬಂದು ಬಾಗಿಲು ಹಾಕಿಕೊಳ್ಳುವುದು, ಇಷ್ಟೇ ಅವಳ ದಿನಚರಿ. ಲ್ಯಾಬಿನಲ್ಲಿ ಅವಳಿಗೆ ಹಲ್ಲಕ್ಕ ಎಂದೇ ಹೆಸರು. ತಂಗಿಯೂ ಅದನ್ನೇ ಹಿಡಿದುಕೊಂಡಿದ್ದಳು.

“ನೋಡು ಹಲ್ಲಕ್ಕ, ಈ ಆಪಲ್ಲಿ ಎಲ್ಲಾ ಮದುವೆ ಗಿರಾಕಿಗಳು, ಸಂಬಳದಿಂದಲೇ ಮಾತು ಶುರು ಮಾಡ್ತಾರೆ. ಇದರಲ್ಲಿ ಬರೀ ಕಾಲೇಜು ಹುಡುಗರು, ನಿನ್ನನ್ನ ಆಂಟಿ ಅಂತಾರೆ. ಈ ಕೊನೇದು ವಾಸಿ. ಏನು ಬೇಕು ಅಂತ ಮೊದಲೇ ಕೇಳಿಬಿಡತ್ತೆ.”

ಕೇಳಿತು ಕೂಡ. ಬಹುಕಾಲದ ಸಂಬಂಧವೋ, ಕಟ್ಟುಪಾಡಿಲ್ಲದ ಒಡನಾಟವೋ, ಒಂದನ್ನು ಒತ್ತಬೇಕು. ಹಲ್ಲಕ್ಕನ ಹೆಬ್ಬೆರಳು ಮೊದಲನೆಯದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ಕೊಡ ಹಿಡಿದುಕೊಂಡು ಹೋಗಿ ನೀರು ಕೇಳಿದರೆ ಯಾರೂ ಕೊಡಲಾರರು. ಲೋಟ ಚಾಚಿದರೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಹೀಗೆಂದುಕೊಂಡು ಅವಳು ಎರಡನೆಯದನ್ನು ಒತ್ತಿದಳು.

“ಅಯ್ಯೋ, ನೀನಾ? ಅರ್ಧ ದಿನ ರಜ ಹಾಕೋದಕ್ಕೆ ನಾಲ್ಕು ಸಲ ಸಾರಿ ಕೇಳೋಳು!” ತಂಗಿ ಬಿದ್ದು ಬಿದ್ದು ನಕ್ಕಳು.

“ಹಲ್ಲಿರುವಾಗಲೇ ಕಡಲೆ ತಿನ್ನಬೇಕಂತೆ, ಸುಮ್ಮನಿರೇ,” ಎಂದಳು ಹಲ್ಲಕ್ಕ. ಕೆನ್ನೆ ಮಾತ್ರ ಬಿಸಿಯಾಗಿತ್ತು.

ಗಂಡಸರೆಲ್ಲ ಬೈಕಿಗೆ ಒರಗಿಕೊಂಡೋ ಕಪ್ಪು ಕನ್ನಡಕ ಹಾಕಿಕೊಂಡೋ ಫೋಟೋ ತೆಗೆಸಿಕೊಂಡಿದ್ದರು. ಒಬ್ಬ ಮಾತ್ರ ಬಾಯಿ ತುಂಬ ನಗುತ್ತಿದ್ದ. ಅವನ ಬಲಗಡೆಯ ಕೋರೆಹಲ್ಲು, ಗುಂಪಿನ ಹಿಂದಿನಿಂದ ಇಣುಕುವವನ ಹಾಗೆ, ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ವೃತ್ತಿಯ ಚಪಲವೋ ಏನೋ, ಅವಳು ಆರಿಸಿದ್ದು ಆ ಹಲ್ಲನ್ನು.

ಅವನು ಲಿಫ್ಟ್ ರಿಪೇರಿಯವನು. ಶನಿವಾರ ಮಧ್ಯಾಹ್ನ ಅವಳ ಕೋಣೆಗೆ ಬರುತ್ತಿದ್ದ. ಮನೆಯವರ ವಿಚಾರ ಕೇಳಬಾರದು, ಫೋನ್ ಮಾಡಬಾರದು, ಏನಿದ್ದರೂ ಆಪಿನಲ್ಲೇ ಎರಡು ಸಾಲು. ಇದು ಮೊದಲ ದಿನವೇ ಆದ ಒಪ್ಪಂದ. “ನನ್ನದು ಮೇಲಕ್ಕೆ ಕೆಳಕ್ಕೆ ಓಡಾಡೋ ಜೀವ, ಒಂದು ಮಹಡೀಲಿ ನಿಲ್ಲಲ್ಲ,” ಎಂದಿದ್ದ. ಅವಳು ನಕ್ಕು, “ನನ್ನದೂ ಅಷ್ಟೇ ಬಿಡು,” ಎಂದಿದ್ದಳು. ಅವನು ಬರುವ ಹಿಂದಿನ ಸಂಜೆ ಹಾಸಿಗೆಯ ಹೊದಿಕೆ ಒಗೆದು ಒಣಹಾಕುತ್ತಿದ್ದಳು. ಅವನು ಬಂದಾಗ, ಇದೆಲ್ಲ ಯಾವಾಗಲೂ ಹೀಗೇ ಇರುತ್ತದೆ ಎನ್ನುವ ಹಾಗೆ ಟೀ ಕೊಡುತ್ತಿದ್ದಳು.

ಒಂದು ಶನಿವಾರ ಅವನು ಬಿಸ್ಕತ್ತನ್ನು ಎಡಗಡೆಯಲ್ಲೇ ಅಗಿಯುತ್ತಿದ್ದ. ಬಲಗೆನ್ನೆಯನ್ನು ಅಂಗೈಯಲ್ಲಿ ಒತ್ತಿಹಿಡಿದಿದ್ದ. ಅವಳಿಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಮುಂದಿನ ವಾರ “ಆಗಲ್ಲ” ಎಂದು ಆಪಿನಲ್ಲಿ ಬಂತು. ಅದರ ಮುಂದಿನ ವಾರವೂ ಅದೇ.

ಆಮೇಲೆ ಲ್ಯಾಬಿಗೆ ಒಂದು ಬಾಯಿಯ ಅಚ್ಚು ಬಂತು.

ಆಸ್ಪತ್ರೆಯಿಂದ ಬರುವ ಅಚ್ಚುಗಳಿಗೆ ಹೆಸರಿರುವುದಿಲ್ಲ, ಬರೀ ನಂಬರು. ಲ್ಯಾಬಿನ ಯಜಮಾನರು ಅದನ್ನು ಅವಳ ಮೇಜಿನ ಮೇಲಿಟ್ಟು, “ಇದು ನಿನ್ನ ಕೈಯಲ್ಲೇ ಆಗಬೇಕಮ್ಮ. ಮೇಲ್ದವಡೆಯ ಬಲಭಾಗ ತೆಗೀತಾರಂತೆ, ಗಡ್ಡೆ. ಅಂಗುಳ ಮುಚ್ಚೋ ಪ್ಲೇಟು ಆಪರೇಷನ್ ದಿನಕ್ಕೇ ರೆಡಿ ಇರಬೇಕು. ಇಲ್ಲದಿದ್ರೆ ಕುಡಿದ ನೀರೆಲ್ಲ ಮೂಗಲ್ಲಿ ಬರತ್ತೆ, ಪಾಪ,” ಎಂದರು.

ಅವಳು ಅಚ್ಚನ್ನು ಕೈಗೆತ್ತಿಕೊಂಡಳು. ಬಲಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು.

ಸೊಟ್ಟ ಹಲ್ಲು ಊರಿಗೆಲ್ಲ ಇರುತ್ತದೆ, ಹುಚ್ಚಿ, ಎಂದು ತನ್ನನ್ನು ತಾನೇ ಗದರಿಸಿಕೊಂಡಳು. ಆದರೆ ಗಾಬರಿಬಿದ್ದ ಮನಸ್ಸಿಗೆ ಸಾಕ್ಷಿ ಹುಡುಕಲು ಎಷ್ಟು ಹೊತ್ತು ಬೇಕು? ಒತ್ತಿಹಿಡಿದ ಕೆನ್ನೆ, ಎಡಗಡೆ ಅಗಿದ ಬಿಸ್ಕತ್ತು, ಬಾರದ ಎರಡು ಶನಿವಾರ, ಎಲ್ಲವೂ ಕರೆಯದೆಯೇ ಬಂದು ಸಾಲಾಗಿ ನಿಂತವು. ಅಂಗುಳದ ಮೇಲೆ ಉಬ್ಬಿದ್ದ ಜಾಗವನ್ನು ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದಳು, ನೋವಾದೀತೆಂಬಂತೆ.

ಅಷ್ಟು ಎಚ್ಚರಿಕೆಯಿಂದ ಅವಳು ಯಾವ ಪ್ಲೇಟನ್ನೂ ಮಾಡಿರಲಿಲ್ಲ. ಕೆಲಸ ಮಾಡುತ್ತಲೇ ಮನಸ್ಸಿನಲ್ಲಿ ಗಂಜಿ ಕುದಿಸಿದಳು, ಔಷಧಿ ಅಂಗಡಿಗೆ ಹೋಗಿ ಬಂದಳು, ಆಸ್ಪತ್ರೆಯ ಬೆಂಚಿನಲ್ಲಿ ಕೂತಳು. ನಾಚಿಕೆಯ ಮಾತೆಂದರೆ, ಅದರಲ್ಲಿ ಅವಳಿಗೆ ಒಂದು ಸುಖವೂ ಇತ್ತು. ಪ್ಲೇಟನ್ನು ಯಜಮಾನರ ಕೈಗೆ ಕೊಟ್ಟ ಸಂಜೆ, “ಶನಿವಾರ ಬಾ. ಮಾತಾಡಬೇಕು,” ಎಂದು ಬರೆದಳು. ಇವಳು ಅಂಟಿಕೊಳ್ಳುವವಳು ಎಂದು ಗೊತ್ತಾದರೆ ಅವನು ಹೋಗಿಬಿಡುತ್ತಾನೆ. ಆದರೂ ಅಂಥ ಕಾಯಿಲೆಯ ಮುಂದೆ ಒಪ್ಪಂದ ಯಾವ ಲೆಕ್ಕ?

ಅವನು ಬಂದ. ಕೆಲಸದ ಬಟ್ಟೆಯಲ್ಲೇ ಇದ್ದ, ಮೊಣಕೈಗೆ ಗ್ರೀಸು ಮೆತ್ತಿತ್ತು.

“ಏನಮ್ಮಾ ಡಾಕ್ಟ್ರೇ, ಸಮನ್ಸು ಕಳಿಸಿದ ಹಾಗಿತ್ತಲ್ಲ?”

“ನನ್ನ ಹತ್ರ ಮುಚ್ಚಿಡಬೇಡ. ನಂಗೆಲ್ಲ ಗೊತ್ತು.”

ಅವನ ಮುಖ ಪೆಚ್ಚಾಯಿತು. “ಯಾರು ಹೇಳಿದ್ರು?”

“ಯಾರೂ ಹೇಳಬೇಕಾಗಿಲ್ಲ. ನಿನ್ನ ಹಲ್ಲು ನನಗೆ ಗೊತ್ತಾಗಲ್ವಾ? ಆಪರೇಷನ್ ಆದ ಮೇಲೆ ನೀನು ಇಲ್ಲಿಗೇ ಬಾ. ನಾನು ರಜ ಹಾಕ್ತೀನಿ. ಮಾತು ಸರಿಯಾಗಿ ಬರದಿದ್ರೂ ಪರವಾಗಿಲ್ಲ, ಮುಖ ಹೇಗಾದ್ರೂ ಆಗಲಿ, ನಾನಿದೀನಿ. ಎಷ್ಟು ವರ್ಷ ಆದ್ರೂ ನಾನಿದೀನಿ.”

“ಯಾವ ಆಪರೇಷನ್ನು?”

ಅವಳು ಅಚ್ಚಿನ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಅವನು ಕೇಳಿಸಿಕೊಂಡು, ಕಿಟಕಿಯ ಬಳಿ ಹೋಗಿ ಬೆಳಕಿಗೆ ತಿರುಗಿ ಬಾಯಿ ದೊಡ್ಡದಾಗಿ ತೆರೆದ.

ಅವಳು ನೋಡಿದಳು. ಕೋರೆಹಲ್ಲು ಅದೇ. ಅಂಗುಳ ಮಾತ್ರ ಮಗುವಿನದರಂತೆ ನುಣುಪಾಗಿತ್ತು. ಅಚ್ಚಿನಲ್ಲಿ ಬಲಗಡೆಯ ಎರಡು ದವಡೆಹಲ್ಲು ಇರಲಿಲ್ಲ; ಇವನ ಬಾಯಲ್ಲಿ ಎಲ್ಲವೂ ಇದ್ದವು, ಒಂದಕ್ಕೆ ಹೊಸದಾಗಿ ಸಿಮೆಂಟು ತುಂಬಿದ್ದರು. ಹಿಂದಿನ ಹಲ್ಲುಗಳನ್ನು ಅವಳು ಎಂದೂ ನೋಡಿರಲಿಲ್ಲ. ನಕ್ಕಾಗ ಕಾಣುವಷ್ಟೇ ಅವಳ ಪಾಲಿಗೆ ಬಂದದ್ದು.

“ಹುಳುಕು ಹಲ್ಲು ಕಣೇ, ಅಷ್ಟೇ,” ಎಂದ. “ಎರಡು ವಾರ ಬರದೇ ಇದ್ದದ್ದು… ಇನ್ನೊಬ್ಬರ ಪರಿಚಯ ಆಗಿತ್ತು. ನೀನು ಹೇಳಿದ್ದು ಅದೇ ಅಂದುಕೊಂಡೆ. ನಮ್ಮ ಮಾತಿನ ಪ್ರಕಾರ ಅದು ತಪ್ಪಲ್ಲ ಅಲ್ವಾ?”

“ತಪ್ಪಲ್ಲ.”

“ಆಪಲ್ಲಿ ಕೇಳಿದಾಗ ನೀನೂ ಕಟ್ಟುಪಾಡು ಬೇಡ ಅಂತಲೇ ಒತ್ತಿದ್ದೆ.”

“ಸುಳ್ಳು ಒತ್ತಿದ್ದೆ,” ಎಂದಳು ಹಲ್ಲಕ್ಕ.

ಅವನು ತಲೆ ತಗ್ಗಿಸಿದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಆ ಗಳಿಗೆಯಲ್ಲಿ ಏನಾದರೊಂದು ಸಿಹಿ ಮಾತು ಹೇಳಿ, ಇನ್ನಷ್ಟು ಶನಿವಾರ ಬಂದು ಹೋಗುತ್ತಿದ್ದ.

“ನಾನು ನಿಜವೇ ಒತ್ತಿದ್ದೆ,” ಎಂದ. “ಎಷ್ಟು ವರ್ಷ ಆದ್ರೂ ಅಂದೆಯಲ್ಲ, ಅಷ್ಟು ಭಾರ ನನ್ನ ಕೈಲಿ ಹೊರೋದಕ್ಕಾಗಲ್ಲ. ಇನ್ನು ಬಂದರೆ ನಿಂಗೆ ಮೋಸ ಮಾಡಿದ ಹಾಗೆ.”

“ಟೀ ಆದ್ರೂ ಕುಡಿದು ಹೋಗು.”

ಕುಡಿದ. ಅವಳು ಎದುರಿಗೆ ಕೂತಳು. ಲೋಟವನ್ನು ತಾನೇ ತೊಳೆದಿಟ್ಟು, ಅವಳ ಭುಜವನ್ನು ಮುಟ್ಟಲೋ ಬೇಡವೋ ಎಂಬಂತೆ ಒಮ್ಮೆ ಮುಟ್ಟಿ ಅವನು ಮೆಟ್ಟಿಲಿಳಿದು ಹೋದ.

ಫೋನು ನೋಡಿದಾಗ ಆಪಿನಲ್ಲಿ ಅವನ ಹೆಸರಿರಲಿಲ್ಲ. ನಗುವ ಫೋಟೋ ಇದ್ದ ಕಡೆ ಖಾಲಿ ಇತ್ತು. ಅಷ್ಟರಲ್ಲಿ ತಂಗಿಯ ಕರೆ ಬಂತು.

“ಏನೇ, ದನಿ ಒಂಥರಾ ಇದೆ? ಅಳ್ತಿದೀಯಾ? ಏನಾಯ್ತು ಅವನಿಗೆ?”

“ಅವನಿಗೇನೂ ಆಗಿಲ್ಲ ಕಣೇ,” ಎಂದಳು ಹಲ್ಲಕ್ಕ. “ಚೆನ್ನಾಗಿದಾನೆ. ನಾನೇ ನೋಡಿದೆ, ಬಾಯಿ ತೆಗೆಸಿ ನೋಡಿದೆ. ಏನೂ ಆಗಿಲ್ಲ.” ಆ ಮಾತಿನಲ್ಲಿದ್ದ ನೆಮ್ಮದಿ ನಿಜವಾದದ್ದೇ ಆಗಿತ್ತು. ಅದನ್ನು ಅವಳು ಮತ್ತೆ ಮತ್ತೆ ಹೇಳಿದಳು.