ಕೆಳಗಿನ ಕೋಣೆಯ ಟೈಲರ್

"ಎಡಕ್ಕೆ, ಎಡಕ್ಕೆ! ನಿನ್ನ ಎಡ ಅಲ್ಲಯ್ಯ, ನನ್ನ ಎಡ!" ಎಂದು ಡ್ರಿಲ್ ಮೇಷ್ಟ್ರು ಕೂಗುವ ಹೊತ್ತಿಗೆ ಶವಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಮುಂದಿನ ತುದಿಗೆ ಹೆಗಲು ಕೊಟ್ಟಿದ್ದವನು ಕಂಡಕ್ಟರ್. ಬಸ್ಸಿನ ಕೆಲಸ ಬಿಟ್ಟು ಹದಿಮೂರು ವರ್ಷವಾದರೂ ಊರಿಗೆಲ್ಲ ಅವನು ಕಂಡಕ್ಟರೇ. ಈಗ ಊರಿನ ಫುಟ್‌ಬಾಲ್ ತಂಡದ ಹಿರಿಯ ಅಭಿಮಾನಿಗಳ ಕ್ಲಬ್ಬಿಗೆ ಅಧ್ಯಕ್ಷ. ಪೆಟ್ಟಿಗೆಯಲ್ಲಿ ಮಲಗಿದ್ದವನು ಅದೇ ಕ್ಲಬ್ಬಿನ ಟೈಲರ್. ಹೊತ್ತವರೆಲ್ಲ ಎಪ್ಪತ್ತು ದಾಟಿದವರು. ಒಬ್ಬೊಬ್ಬರ ಮಂಡಿಯೂ ಒಂದೊಂದು ರಾಗ ಹಾಡುತ್ತಿತ್ತು.

"ಬದುಕಿದ್ದಾಗ ಯಾರಿಗೂ ಅಡ್ಡ ಬಂದೋನಲ್ಲ, ಈಗ ನೋಡು ಇವನ ಹಟ" ಎಂದ ಹಿಂದಿದ್ದ ಬಾರ್ಬರ್, ಏದುಸಿರು ಬಿಡುತ್ತ.

ಮೇಷ್ಟ್ರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಕಂಡಕ್ಟರನಿಗೆ ನಗು ಬರಲಿಲ್ಲ.

"ಮಾವ, ಒಮ್ಮೆಲೇ ತಿರುಗಿಸಬೇಡಿ" ಎಂದಳು ಮೇಲಿನ ಮೆಟ್ಟಿಲಿನಿಂದ ಟೈಲರನ ಮಗಳು. ಕಾರು ಓಡಿಸುವುದನ್ನು ಕಲಿಸುವುದು ಅವಳ ಕಸುಬು. "ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಹಾಂ. ಈಗ ನಿಧಾನಕ್ಕೆ ಮುಂದೆ."

ಪೆಟ್ಟಿಗೆ ಗೋಡೆಯ ಸುಣ್ಣ ಕೆರೆದುಕೊಂಡು ಇಳಿಯಿತು.

ಬೀದಿಯಲ್ಲಿ ಅದನ್ನು ವ್ಯಾನಿಗೆ ಏರಿಸಿದ ಮೇಲೆ ಅವಳು ಕಂಡಕ್ಟರನ ಪಕ್ಕ ಬಂದು ನಿಂತಳು.

"ಮಾವ, ಇವತ್ತು ಸಾಯಂಕಾಲ ಮ್ಯಾಚ್ ಇದೆ ಅಲ್ವಾ?"

"ಇದೆ ಮಗಳೇ. ನಾವ್ಯಾರೂ ಹೋಗಲ್ಲ ಬಿಡು."

"ಹೋಗ್ಬೇಕು. ನಾನೂ ಬರ್ತೀನಿ. ಅಪ್ಪ ಕೂರ್ತಿದ್ದ ಸೀಟಲ್ಲಿ ಕೂತು ಒಂದೇ ಒಂದು ಆಟ ನೋಡ್ಬೇಕು. ಬದುಕಿದ್ದಾಗ ಕರ್ಕೊಂಡು ಹೋಗು ಅಂದ್ರೆ, 'ಅಲ್ಲಿರೋರೆಲ್ಲ ಬಾಯಿ ಕೆಟ್ಟ ಮುದುಕರು, ನಿನಗೆ ಬೇಡ' ಅಂತಿದ್ರು. ನನ್ನನ್ನ ಆ ಸೀಟಿಗೆ ಕರ್ಕೊಂಡು ಹೋಗ್ತೀರಾ?"

ಕಂಡಕ್ಟರ್ ಬಾರ್ಬರನ ಮುಖ ನೋಡಿದ. ಬಾರ್ಬರ್ ತನ್ನ ಚಪ್ಪಲಿ ನೋಡಿಕೊಂಡ.

ಟೈಲರನಿಗೆ ಸೀಟೇ ಇರಲಿಲ್ಲ. ಹನ್ನೊಂದು ವರ್ಷದಿಂದ ಇರಲಿಲ್ಲ.

*

ಆ ವರ್ಷ ತಂಡ ಸತತವಾಗಿ ಐದು ಆಟ ಸೋತಿತ್ತು. ಆರನೆಯದಕ್ಕೆ ಟೈಲರ್ ಬರಲಿಲ್ಲ. ಶಾಲೆಯೊಂದರ ಸಮವಸ್ತ್ರ ಹೊಲಿದು ಮುಗಿಸಬೇಕಿತ್ತು. ತಂಡ ನಾಲ್ಕು ಗೋಲಿನಿಂದ ಗೆದ್ದಿತು. ಏಳನೆಯದಕ್ಕೆ ಬಂದ, ಸೋತರು.

"ಲೆಕ್ಕ ಸರಿಹೋಯ್ತಲ್ಲ" ಎಂದ ಬಾರ್ಬರ್.

"ಮುಂದಿನ ಸಲ ನೀನು ಮೇಲೆ ಬರಬೇಡ ಕಣಯ್ಯ" ಎಂದ ಕಂಡಕ್ಟರ್ ಟೈಲರನ ಬೆನ್ನಿಗೆ ಗುದ್ದಿ. "ಕೆಳಗೆ ಕೋಣೇಲಿ ಕೂತು ಚಹಾ ಕಾಯಿಸು. ಒಂದೇ ಆಟ. ಏನಾಗುತ್ತೆ ನೋಡೋಣ."

"ತಂಡ ಗೆಲ್ಲುತ್ತೆ ಅಂದ್ರೆ ಬಾವೀಲಿ ಬೇಕಾದ್ರೂ ಕೂರ್ತೀನಿ" ಎಂದು ಟೈಲರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಕೋಣೆ ಅಂದರೆ ಕ್ಲಬ್ಬಿನದೇ, ಪ್ರೇಕ್ಷಕರ ಮೆಟ್ಟಿಲುಗಳ ಅಡಿಯಲ್ಲಿತ್ತು. ಮೈದಾನದ ಕಡೆಗೆ ಗೋಡೆ. ಇದ್ದೊಂದು ಕಿಟಕಿ ಸೈಕಲ್ಲು ನಿಲ್ಲಿಸುವ ಜಾಗಕ್ಕೆ ತೆರೆಯುತ್ತಿತ್ತು. ಅವನು ಅಲ್ಲಿ ಕೂತ. ತಂಡ ಗೆದ್ದಿತು.

ಮುಂದಿನ ಆಟಕ್ಕೆ ಅವನನ್ನು ಯಾರೂ ಮೇಲೆ ಕರೆಯಲಿಲ್ಲ. ಅವನೂ ಕೇಳಲಿಲ್ಲ. ಅಷ್ಟೇ, ಮುಗಿದೇ ಹೋಯಿತು. ಬಸ್ಸಿನಲ್ಲಿ ಟಿಕೆಟ್ ಹರಿದವರು, ಮಕ್ಕಳಿಗೆ ಪಾಠ ಹೇಳಿದವರು, ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದವರು, ಒಬ್ಬ ಬಡಪಾಯಿಯ ಕಣ್ಣು ಬಿದ್ದರೆ ಚೆಂಡು ದಾರಿ ತಪ್ಪುತ್ತದೆಂದು ನಂಬಿದರು! ಆಮೇಲೂ ತಂಡ ಸೋತಿತು. ಬೇಕಾದಷ್ಟು ಸೋತಿತು, ಕೆಳಗಿನ ದರ್ಜೆಗೆ ಜಾರಿತು. "ಅವನು ಮೇಲಿದ್ದಿದ್ರೆ ಇನ್ನೂ ಕೆಳಗೆ ಬೀಳ್ತಿದ್ವಿ" ಅಂದುಕೊಂಡು ಅವನು ಕಾಯಿಸಿದ ಚಹಾವನ್ನೇ ಸೊರಸೊರ ಕುಡಿದರು. ಅವನ ಸೀಟಿನಲ್ಲಿ ಮೊದಲು ಬಾರ್ಬರನ ಕೋಟು ಕೂತಿತು, ಆಮೇಲೆ ಬಾರ್ಬರನ ಭಾವಮೈದ.

ಒಮ್ಮೆ ಮಾತ್ರ, ಮೇಲಿನ ದರ್ಜೆಗೆ ಮರಳುವ ನಿರ್ಣಾಯಕ ಆಟದ ದಿನ, ಕಂಡಕ್ಟರ್ ನೀರು ಕುಡಿಯಲು ಇಳಿದು ಬಂದಾಗ, ಟೈಲರ್ ಒಂದು ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟು ನಿಂತಿದ್ದ.

"ಇನ್ನು ಹತ್ತೇ ನಿಮಿಷ ಅಲ್ವಾ? ಎರಡು ಗೋಲು ಮುಂದಿದ್ದೀವಿ. ಬಂದುಬಿಡ್ಲಾ?"

ಕಂಡಕ್ಟರ್ ಟಿಕೆಟ್ ತೆಗೆಯದವನನ್ನು ನೋಡುವ ಹಾಗೆ ಸುಮ್ಮನೆ ನೋಡಿದ. ಟೈಲರ್ ಕಾಲು ಕೆಳಗಿಟ್ಟ.

*

ಮಣ್ಣಿಗಿಡುವ ಮುಂಚೆ ಕ್ಲಬ್ಬಿನ ಪರವಾಗಿ ಎರಡು ಮಾತಾಡು ಎಂದು ಕಂಡಕ್ಟರನನ್ನು ಮುಂದೆ ತಳ್ಳಿದರು.

"ನಮ್ಮ ಟೈಲರ್..." ಕನ್ನಡಕ ತೆಗೆದು ಒರೆಸತೊಡಗಿದ. ಸುತ್ತ ನಿಂತವರು ಅದನ್ನು ದುಃಖ ಅಂದುಕೊಂಡರು. "ಒಂದು ಆಟವನ್ನೂ ತಪ್ಪಿಸಿಕೊಂಡವನಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮಗಳು ಮಾತ್ರ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದಳು.

ಗುಂಡಿ ಮುಚ್ಚಿದ ಮೇಲೆ, ಕೈ ತೊಳೆಯುವ ನಲ್ಲಿಯ ಹತ್ತಿರ, ಅವಳಾಗಿಯೇ ಮಾತು ತೆಗೆದಳು. "ಮ್ಯಾಚ್ ದಿನ ಊಟಕ್ಕೆ ಕೂತ್ರೆ ಅಪ್ಪ ತಟ್ಟೆ ಲೋಟ ಎಲ್ಲ ಜೋಡಿಸಿ ಗೋಲು ಹೇಗಾಯ್ತು ಅಂತ ತೋರಿಸೋರು. ಉಪ್ಪಿನ ಡಬ್ಬಿ ಯಾವಾಗ್ಲೂ ಗೋಲ್‌ಕೀಪರ್. ಅಮ್ಮ ಉಪ್ಪು ಕೇಳಿದ್ರೆ, 'ತಡಿಯೇ, ಅವನು ಈಗ ಹಾರ್ತಾನೆ' ಅನ್ನೋರು. ಗೋಲಾದಾಗ ನೀವು ಅವರ ತೋಳು ಹಿಡ್ಕೊಂಡು ಅಲ್ಲಾಡಿಸಿಬಿಡ್ತಿದ್ರಂತೆ, ಹೌದಾ ಮಾವ?"

ನಲ್ಲಿ ಸುರಿಯುತ್ತಲೇ ಇತ್ತು. ಆಟ ಮುಗಿದು ಇಳಿದು ಬಂದಾಗ ಒಂದೊಂದು ಲೋಟದ ಜೊತೆಗೂ ಟೈಲರ್ ಕೇಳುತ್ತಿದ್ದ ಪ್ರಶ್ನೆಗಳು ಕಂಡಕ್ಟರನ ಕಿವಿಗೆ ಬಂದವು. ಯಾವ ಕಾಲಲ್ಲಿ ಹೊಡೆದ? ಗೋಲ್‌ಕೀಪರ್ ಯಾವ ಕಡೆ ಹಾರಿದ? ಬಿಸಿಲು ಅವನ ಕಣ್ಣಿಗೆ ಹೊಡೀತಿತ್ತಾ? "ತಲೆ ತಿನ್ನಬೇಡಯ್ಯ" ಎಂದು ರೇಗಿಕೊಂಡೇ ಇವರು ಉತ್ತರ ಕೊಡುತ್ತಿದ್ದರು.

"ಹೌದಮ್ಮ" ಎಂದ ಕಂಡಕ್ಟರ್.

ಅವಳು ಆ ಕಡೆ ಹೋದದ್ದೇ ಬಾರ್ಬರ್ ಹತ್ತಿರ ಬಂದ. "ಅವನ ಹಳೇ ಸೀಟೇ ತೋರಿಸಿಬಿಡು, ಭಾವಮೈದನ್ನ ಎಬ್ಬಿಸ್ತೀನಿ. ಏಳನೇ ಸಾಲು. ಯಾರಿಗೆ ಗೊತ್ತಾಗುತ್ತೆ?"

"ನಮಗೆ ಗೊತ್ತಲ್ಲ."

"ನಮಗೆ ಗೊತ್ತಿದ್ದೇ ಹನ್ನೊಂದು ವರ್ಷ ಆಯ್ತು, ಏನು ಮಾಡಿದ್ವಿ? ಆ ಹುಡುಗಿಗೆ ಇರೋದು ಅದೊಂದೇ ನೆನಪು, ಅದನ್ನೂ ಕಿತ್ಕೋತೀಯಾ?"

ಬಾರ್ಬರ್ ಹೇಳಿದ್ದರಲ್ಲಿ ಅರ್ಧ ಕರುಣೆ, ಅರ್ಧ ಹೇಡಿತನ. ಎರಡನ್ನೂ ಬಿಡಿಸಿ ನೋಡುವ ಧೈರ್ಯ ಕಂಡಕ್ಟರನಿಗಿರಲಿಲ್ಲ. "ಆಯ್ತು" ಎಂದ.

*

ಮೈದಾನಕ್ಕೆ ತಲುಪುವಷ್ಟರಲ್ಲಿ ಆಟ ಶುರುವಾಗಿತ್ತು. ಉಳಿದವರು ಮುಂದಾಗಿ ಹತ್ತಿ ಹೋದರು, ಏಳನೇ ಸಾಲಿನ ಆ ಸೀಟನ್ನು ತೆರವು ಮಾಡಿಸಲು. ಕಂಡಕ್ಟರ್ ಕಬ್ಬಿಣದ ಕಂಬಿ ಹಿಡಿದು ಎರಡು ಮೆಟ್ಟಿಲು ಏರಿದ. ಅವಳು ಹಿಂದೆಯೇ ಬಂದಳು, ಅಪ್ಪನ ಶಾಲನ್ನು ಕೊರಳಿಗೆ ಸುತ್ತಿಕೊಂಡು. ಹೊಸ ಶಾಲೆಗೆ ಸೇರುವ ಮಗುವಿನ ಹಾಗಿತ್ತು ಅವಳ ಮುಖ.

"ಎಷ್ಟನೇ ಸಾಲು ಮಾವ?"

ಏಳು ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

"ಮೇಲಲ್ಲಮ್ಮ" ಎಂದ. ಎರಡು ಮೆಟ್ಟಿಲನ್ನೂ ಇಳಿದ.

ಕೋಣೆಯ ಬೀಗ ತೆಗೆದು ದೀಪ ಹಾಕಿದ. ಸ್ಟವ್, ಬೋರಲು ಹಾಕಿದ ಲೋಟಗಳು, ಒಂದು ಸ್ಟೂಲು. ಅವಳು ಬಾಗಿಲಲ್ಲೇ ನಿಂತಳು. ಕಂಡಕ್ಟರ್ ಕಿಟಕಿಯ ಕಡೆ ತಿರುಗಿಕೊಂಡು ಎಲ್ಲ ಹೇಳಿದ. ಅವಳ ಮುಖ ನೋಡಿಕೊಂಡು ಹೇಳಲು ಅವನಿಂದಾಗಲಿಲ್ಲ. ಮೆಟ್ಟಿಲ ಮೇಲಿಟ್ಟ ಕಾಲಿನ ವಿಷಯವನ್ನೂ ಬಿಡಲಿಲ್ಲ.

"ಎಷ್ಟು ವರ್ಷ?"

"ಹನ್ನೊಂದು."

"ಮೊದಲು ಹೇಳಿದ್ದು ಯಾರು?"

"ನಾನು."

"ಆಮೇಲೆ ಗೆದ್ರಾ?"

"ಕೆಲವು ಸಲ."

"ಕೆಲವು ಸಲ" ಎಂದಳು ಅವಳೂ. ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ತಪ್ಪಾಯ್ತು ಮಗಳೇ. ನಾವೆಲ್ಲ ಸೇರಿ..."

"ಸುಮ್ನಿರಿ. ನನಗೆ ಕೇಳಿಸ್ಕೋಬೇಕು."

ತಲೆಯ ಮೇಲೆ ನೂರಾರು ಕಾಲುಗಳ ಸದ್ದು. ಎಲ್ಲೋ ಸೀಟಿ ಊದಿದರು. ಗದ್ದಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತಿತ್ತು. ಅದರಲ್ಲಿ ಚೆಂಡು ಎಲ್ಲಿದೆ ಎಂದು ಹುಡುಕುವವಳ ಹಾಗೆ ಅವಳು ಮುಖವನ್ನು ಚಾವಣಿಗೆ ಎತ್ತಿ ಕೂತಿದ್ದಳು. ಕಂಡಕ್ಟರನಿಗೆ ಕೂರಲು ಇನ್ನೊಂದು ಜಾಗವಿರಲಿಲ್ಲ. ಹೊರಗೆ ಹೋಗಲೂ ಮನಸ್ಸಾಗಲಿಲ್ಲ.

ಗದ್ದಲ ಒಂದು ಕ್ಷಣ ಉಸಿರು ಹಿಡಿಯಿತು. ಮರುಕ್ಷಣ ಚಾವಣಿಯೇ ಸಿಡಿದ ಹಾಗೆ ಇಡೀ ಮೆಟ್ಟಿಲಸಾಲು ಎದ್ದು ಕುಣಿಯಿತು. ಕಂಡಕ್ಟರನ ಎರಡು ಕೈಗಳೂ ಅವನನ್ನು ಕೇಳದೆಯೇ ಮುಷ್ಟಿ ಬಿಗಿದು ಮೇಲಕ್ಕೆ ಹಾರಿದವು. ಗಂಟಲಿನಿಂದ "ಗೋ" ಎಂಬ ಅರ್ಧ ಕೂಗು ಹೊರಬಿತ್ತು.

ಅವಳು ತಿರುಗಿ ನೋಡಿದಳು.

ಅವನು ಹಾಗೇ ನಿಂತಿದ್ದ, ಎತ್ತಿದ ಕೈಗಳನ್ನು ಇಳಿಸಲಾಗದೆ. ಚಾವಣಿಯಿಂದ ಉದುರಿದ ಸುಣ್ಣದ ಪುಡಿ ಅವನ ತೋಳಿನ ಮೇಲೂ ಅವಳ ಕೂದಲ ಮೇಲೂ ಮೆಲ್ಲಗೆ ಬಂದು ಕೂರುತ್ತಿತ್ತು.