ಭಟ್ಟಿ ಬಾಯಿಯ ಅಡ್ಡಗಲ್ಲು

ನಾನು ಒಂದು ಅಡ್ಡಗಲ್ಲು. ಮಂಡಕ್ಕಿ ಭಟ್ಟಿಯ ಬಾಯಿಯ ಮೇಲೆ ಆರು ವರ್ಷ ಮಲಗಿದ್ದೆ. ಮಲಗಿದ್ದೆ ಅಂದರೆ ನಿದ್ದೆ ಮಾಡಿದೆ ಅಂತಲ್ಲ.

ಹುಟ್ಟಿದ್ದು ಊರಾಚೆಯ ಹಾಸುಬಂಡೆಯಲ್ಲಿ. ಕಲ್ಲೊಡೆಯುವ ಹುಲುಗಪ್ಪ ಬಂಡೆಯ ಮೇಲೆ ಜಾಲಿ ಕಟ್ಟಿಗೆ ಹರಡಿ ಬೆಂಕಿ ಹಚ್ಚಿದ. ಮೇಲಿನ ಪದರ ಕಾದು ಉಬ್ಬಿತು, ಕೆಳಗಿನದು ತಣ್ಣಗೇ ಉಳಿಯಿತು. ನಡುವೆ ಬಿಟ್ಟುಕೊಂಡಿತು. ಹಾಗೆ ನಾನು ಬೇರೆಯಾದೆ.

ನನ್ನ ಮೈಯಲ್ಲಿ ಮೂರು ಬಗೆಯ ಹರಳುಗಳಿವೆ. ಬಿಳಿಯ ಬೆಣಚು, ಕೆಂಪು ಹರಳು, ಕರಿಯ ಕಾಗೆಬಂಗಾರ. ಓದಿದವರ ಪ್ರಕಾರ ಬೆಣಚು ಬರೀ ಸಿಲಿಕ. ಕೆಂಪು ಹರಳಲ್ಲಿ ಸಿಲಿಕದ ಜೊತೆ ಅಲ್ಯುಮಿನಿಯಮ್ಮೂ ಪೊಟ್ಯಾಶೂ ಸೇರಿರುತ್ತವೆ, ಕಾಗೆಬಂಗಾರದಲ್ಲಿ ಕಬ್ಬಿಣವೂ ಇದೆ. ಕೂಡಿದ್ದು ಬೇರೆ ಬೇರೆ, ಆದ್ದರಿಂದ ಉಬ್ಬುವುದೂ ಬೇರೆ ಬೇರೆ. ಬಿಸಿ ತಾಗಿದರೆ ಬೆಣಚಿಗೆ ತಡೆಯಲಾಗುವುದಿಲ್ಲ, ಎಲ್ಲರಿಗಿಂತ ಹೆಚ್ಚು ಹಿಗ್ಗುತ್ತದೆ. ಕೆಂಪು ಹರಳು ನಿಧಾನ. ತಣ್ಣಗಿದ್ದಾಗ ಮೂವರೂ ಒಂದೇ ಮೈ. ಕಾದರೆ ಒಬ್ಬರನ್ನೊಬ್ಬರು ತಳ್ಳತೊಡಗುತ್ತಾರೆ.

ಇದು ಹುಲುಗಪ್ಪನಿಗೆ ಗೊತ್ತಿತ್ತು. ಭಟ್ಟಿಯ ಯಜಮಾನ ಕೊಟ್ರಪ್ಪ ನನ್ನನ್ನು ಕೊಳ್ಳಲು ಬಂದಾಗ ಅವನು ಹೇಳಿದ, "ಒಲಿಗೆ ಇದನ್ನ ಇಡಬ್ಯಾಡ್ರಿ ಸಾವ್ಕಾರ್ರ. ಬೆಣಚ ಭಾಳ ಐತಿ. ಬಳಪದ ಕಲ್ಲ ತರಸ್ರಿ."

"ಬಳಪದ ಕಲ್ಲು ಉಗುರಿನಿಂದ ಗೀರಿದ್ರ ಗೀರು ಬೀಳ್ತೈತಿ. ಅದೇನು ಭಾರ ಹೊರತೈತೋ ಮಾರಾಯ? ನನಗ ಗಟ್ಟಿ ಕಲ್ಲು ಬೇಕು."

ಗಟ್ಟಿಯಾದದ್ದು ಬೆಂಕಿಗೂ ಗಟ್ಟಿ ಅಂತ ಕೊಟ್ರಪ್ಪ ತಿಳಿದಿದ್ದ. ಬಳಪದ ಕಲ್ಲು ಮೆತ್ತಗಿರುವುದರಿಂದಲೇ ಹಿಗ್ಗಿದರೂ ತನ್ನೊಳಗೇ ಸರಿದುಕೊಳ್ಳುತ್ತದೆ. ನನಗೆ ಸರಿಯಲು ಜಾಗವಿಲ್ಲ.

ಭಟ್ಟಿಯ ಬಾಯಿಗೆ ಉರುವಲಿನ ಹೊಟ್ಟು ಹಾಕುವವಳು ಮಾಬೂಬಿ. ನನ್ನ ಬುಡಕ್ಕೇ, ಬಾಯಿಯ ಎದುರು ಗೋಣಿಚೀಲ ಹಾಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದಳು. ಮೇಲೆ ಬಾಣಲೆಯ ಮರಳಲ್ಲಿ ಅಕ್ಕಿ ಅರಳುತ್ತಿತ್ತು. ನಾನು ದಿನವೂ ಕಾಯುತ್ತಿದ್ದೆ, ದಿನವೂ ಆರುತ್ತಿದ್ದೆ. ಒಳಗಿನ ಹರಳುಗಳು ಬೆಳಿಗ್ಗೆ ತಳ್ಳಾಡಿ ಸಂಜೆ ಹಿಂದೆ ಸರಿಯುತ್ತಿದ್ದವು, ಆದರೆ ಮೊದಲಿದ್ದ ಜಾಗಕ್ಕೇ ಬರುತ್ತಿರಲಿಲ್ಲ. ಕೂದಲೆಳೆಯಷ್ಟು ಸಂದು ಉಳಿಯುತ್ತಿತ್ತು. ಇಂಥ ದಣಿವು ಹೊರಗೆ ಕಾಣುವುದಿಲ್ಲ.

ನಾಲ್ಕನೆಯ ವರ್ಷ ನನ್ನಿಂದ ಒಂದು ಚಕ್ಕೆ ಸಿಡಿದು ಮಾಬೂಬಿಯ ಹುಬ್ಬು ಸೀಳಿತು. ಕಣ್ಣು ಉಳಿದದ್ದು ಬೆರಳಗಲದಲ್ಲಿ. ಅವತ್ತಿನಿಂದ ಅವಳು ಹೊಟ್ಟು ಹಾಕುವಾಗಲೂ ಒಂದು ಕಿವಿ ನನ್ನ ಕಡೆಗೇ ಇಟ್ಟಿರುತ್ತಿದ್ದಳು.

"ಏನ್ ಮಾಬೂಬಿ, ಕಲ್ಲಿನ ಕೂಡ ಮಾತಾಡಾಕತ್ತೀಯೇನು?" ಎಂದು ಕೊಟ್ರಪ್ಪ ನಗುತ್ತಿದ್ದ.

"ನಾ ಮಾತಾಡೋದಿಲ್ರೀ ಅಣ್ಣಾರ, ಅದಽ ಮಾತಾಡ್ತೈತಿ. ಬ್ಯಾರೆ ಕಲ್ಲು ಹಾಕ್ರಿ ಅಂತೈತಿ."

ಈ ವರ್ಷ ನಾಗರ ಪಂಚಮಿ ಹತ್ತಿರ ಬಂತು. ಅರಳಿಗೂ ಮಂಡಕ್ಕಿಗೂ ಬೇಡಿಕೆಯೋ ಬೇಡಿಕೆ. ನನ್ನ ನಡುವೆ ಉದ್ದಕ್ಕೆ ಬಿರುಕು ಕಾಣಿಸಿತು. ಮಾಬೂಬಿ ತೋರಿಸಿದಳು. ಕೊಟ್ರಪ್ಪ ಭಟ್ಟಿ ನಿಲ್ಲಿಸಲಿಲ್ಲ, ಒಂದು ಬೊಗಸೆ ಸಿಮೆಂಟು ಕಲಸಿ ಬಿರುಕಿಗೆ ಮೆತ್ತಿದ. "ಹಬ್ಬ ಮುಗೀಲಿ, ಬಳಪದ ಕಲ್ಲೇ ತರಸ್ತೀನಿ," ಎಂದ. ಸಿಮೆಂಟು ಮೂರನೆಯ ದಿನ ಹಪ್ಪಳದ ಹಾಗೆ ಎದ್ದು ಉದುರಿತು. ಅದು ನನ್ನ ಹಾಗೆ ಹಿಗ್ಗುವ ಜಾತಿಯಲ್ಲ.

ಅದೇ ಮಧ್ಯಾಹ್ನ ನನ್ನೊಳಗೆ 'ಟಿಕ್' ಅಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ. ನಾನು ತಡೆದು ಹಿಡಿಯುತ್ತಿದ್ದೆ ಎಂದರೆ ಸುಳ್ಳು. ಹಿಡಿಯುವುದು ಬಿಡುವುದು ನನ್ನ ಕೈಲಿರಲಿಲ್ಲ.

ಮಾಬೂಬಿ ಎದ್ದಳು. ಯಾರನ್ನೂ ಕೇಳಲಿಲ್ಲ. ಪಕ್ಕಕ್ಕೆ ನಿಂತು ಉದ್ದನೆಯ ಕೊಕ್ಕೆ ಹಾಕಿ ಕೆಂಡವನ್ನೆಲ್ಲ ಹೊರಕ್ಕೆ ಎಳೆದು ಹಾಕಿದಳು. ಬಾಣಲೆಯ ಮರಳು ಆರಿತು, ಅರ್ಧ ಅರಳಿದ ಅಕ್ಕಿ ಹಾಗೇ ಮುರುಟಿತು.

"ತಲಿ ಕೆಟ್ಟೈತೇನು ನಿಂಗ? ಹಬ್ಬದ ಹೊತ್ತಿನಾಗ!" ಕೊಟ್ರಪ್ಪ ಓಡಿ ಬಂದ.

"ಬೈಕೋರಿ. ಹಬ್ಬ ಮುಂದಿನ ವರ್ಷಾನೂ ಬರ್ತೈತಿ. ನನ್ನ ಕಣ್ಣು ಬರ್ತಾವೇನ್ರಿ?"

ಆರುವಾಗ ನಾನು ಎರಡು ತುಂಡಾದೆ. ದೊಡ್ಡ ತುಂಡು ಗೋಣಿಚೀಲದ ಮೇಲೆ ಬಿತ್ತು, ಸರಿಯಾಗಿ ಅವಳು ಕೂರುವ ಜಾಗದಲ್ಲಿ. ಕೊಟ್ರಪ್ಪ ಆ ಚೀಲ ನೋಡಿದ. ಆಮೇಲೆ ತಾನೇ ಬಗ್ಗಿ ನನ್ನನ್ನು ಉರುಳಿಸಿ, ಚೀಲ ಎಳೆದು ಕೊಡವಿದ.

ಐದು ದಿನ ಭಟ್ಟಿ ತಣ್ಣಗಿತ್ತು. ಹಬ್ಬ ಹೋಯಿತು. ಬಳಪದ ಕಲ್ಲು ಬಂತು. ನನ್ನ ತುಂಡುಗಳು ಈಗ ಹಿತ್ತಲಿನಲ್ಲಿ, ಹೊಟ್ಟಿನ ರಾಶಿಯ ಪಕ್ಕ ಬಿದ್ದಿವೆ. ಬಿಸಿಲಿಗೆ ಚೂರು ಹಿಗ್ಗುತ್ತೇನೆ, ನೆರಳಿಗೆ ಕುಗ್ಗುತ್ತೇನೆ. ಒಂದೊಂದೇ ಹರಳು ಉದುರುತ್ತದೆ. ಕೆಳಗೆ ಯಾರೂ ಇಲ್ಲ. ಅಷ್ಟರಮಟ್ಟಿಗೆ ಆರಾಮ.

ಭಟ್ಟಿ ಹೊತ್ತಿಸಿದ ದಿನ ಇಲ್ಲಿಂದಲೇ ನೋಡಿದೆ. "ಇನ್ನೇನು ಭಯ ಇಲ್ಲ, ಕುಂದ್ರವ್ವ," ಎಂದ ಕೊಟ್ರಪ್ಪ. ಮಾಬೂಬಿ ಹೊಸ ಕಲ್ಲನ್ನು ಒಮ್ಮೆ ನೋಡಿ, ಚೀಲವನ್ನು ಎರಡು ಮೊಳ ಹಿಂದಕ್ಕೆ ಎಳೆದುಕೊಂಡು ಕೂತಳು. ಹೊಟ್ಟನ್ನು ಅಲ್ಲಿಂದಲೇ ಎಸೆಯತೊಡಗಿದಳು. ಕೈ ನೋಯುತ್ತಿರಬೇಕು. ಆದರೂ ಮುಂದಕ್ಕೆ ಸರಿ ಎಂದು ಅವಳಿಗೆ ನಾನಂತೂ ಹೇಳುವುದಿಲ್ಲ.